ಮನೆವಾಸ್ತವ್ಯ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ

ಪ್ರವಾಸಕ್ಕೆ ಹೊರಟವರು ಲಾಡ್ಜು, ಛತ್ರಗಳನ್ನು ಬಿಟ್ಟು ಯಾರದೋ ಮನೆಯಲ್ಲಿ ಬಾಡಿಗೆ ಕೊಟ್ಟು ಕೆಲವು ದಿನ ಉಳಿಯುವ ಪದ್ಧತಿಯೇ ಮನೆವಾಸ್ತವ್ಯ. ಆಡುಮಾತಿನಲ್ಲಿ ಅದು ಹೋಂಸ್ಟೇ. ಮನೆಯವರು ಜೊತೆಗೇ ಇದ್ದು ಒಂದೆರಡು ಕೋಣೆ ಬಿಟ್ಟುಕೊಡುವುದು ಒಂದು ಬಗೆ. ಇಡೀ ಮನೆಯ ಬೀಗದ ಕೈಯನ್ನು ಅತಿಥಿಗೆ ಒಪ್ಪಿಸಿಬಿಡುವುದು ಇನ್ನೊಂದು. ಕರ್ನಾಟಕದಲ್ಲಿ ಈ ಮಾತೆತ್ತಿದರೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳೇ ನೆನಪಿಗೆ ಬರುತ್ತವೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಆದರೆ ಹಣ ಕೊಟ್ಟೋ ಕೊಡದೆಯೋ ಪರರ ಮನೆಯಲ್ಲಿ ಉಳಿಯುವ ರೂಢಿ ಈ ಸೀಮೆಗೆ ಹೊಸದಲ್ಲ. ಇನ್ನೂ ಬಾರದಿರುವುದು ಅದನ್ನು ದೂರದ ಊರಿನಲ್ಲಿ ಕುಳಿತು ಕಾಯ್ದಿರಿಸುವ ಅನುಕೂಲ.

ಇಲ್ಲಿ ರಾತ್ರಿ ಉಳಿಯುವಂಥದ್ದು ಏನಿದೆ ಎಂದು ಕೇಳುವವರು ಮೊದಲು ಮಳಖೇಡಕ್ಕೆ ಹೋಗಬೇಕು. ಸೇಡಂ ತಾಲ್ಲೂಕಿನ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅರಬ್ ಬರಹಗಾರ ಅಲ್ ಮಸೂದಿ ಮಾಂಕೀರ್ ಎಂದು ಕರೆದ ನಗರ. ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದ ಅಮೋಘವರ್ಷ ನೃಪತುಂಗನ ಆಸ್ಥಾನದ ಕೃತಿಯಾದ್ದರಿಂದ ಕನ್ನಡ ಓದಿದ ಯಾರಿಗೂ ಈ ಊರು ಪರಸ್ಥಳವಲ್ಲ. ಕಾಗಿಣಾ ನದಿಯ ದಂಡೆಯ ಕೋಟೆ, ನೇಮಿನಾಥ ಬಸದಿ, ಉತ್ತರಾದಿ ಮಠದ ಪರಂಪರೆಯವರು ಟೀಕಾಚಾರ್ಯ ಜಯತೀರ್ಥರದೆಂದು ಪೂಜಿಸುವ ಬೃಂದಾವನ, ಎಲ್ಲವೂ ನಡೆದು ನೋಡಬಹುದಾದಷ್ಟು ಹತ್ತಿರದಲ್ಲಿವೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿ ಇದಕ್ಕಿಂತಲೂ ಹಳೆಯದು. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ದೇವಿಯ ಪೀಠವಾಗಿ ಬಳಕೆಯಲ್ಲಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿದಾಗ ದೊಡ್ಡದೊಂದು ಬೌದ್ಧ ಸ್ತೂಪ ಹೊರಬಿತ್ತು. ಜೊತೆಗೆ, ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರನ್ನೇ ಕೊರೆದ ಅವನ ಶಿಲ್ಪವೂ ಸಿಕ್ಕಿತು. ಚಿತ್ತಾಪುರ ಪಟ್ಟಣಕ್ಕೆ ಅಂಟಿಕೊಂಡಂತೆ ಇರುವ ನಾಗಾವಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಅಂದರೆ ವಿದ್ಯಾಕೇಂದ್ರ. 1058ರ ಶಾಸನ ಅಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಊಟ, ವಸತಿಗೆ ಬಿಟ್ಟ ದತ್ತಿಯನ್ನೂ ಪುಸ್ತಕ ಭಂಡಾರ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಪರಸ್ಥಳದಿಂದ ಬಂದವರಿಗೆ ಹಾಸಿಗೆ, ಅನ್ನ ಒದಗಿಸುವ ಏರ್ಪಾಟು ಈ ಊರಿನಲ್ಲಿ ಸಾವಿರ ವರ್ಷದ ಹಿಂದೆ ಇಂದಿಗಿಂತ ಅಚ್ಚುಕಟ್ಟಾಗಿತ್ತು ಎಂದರೆ ಉತ್ಪ್ರೇಕ್ಷೆಯಾಗದು.

ಚಿಂಚೋಳಿ ಬೇರೆಯೇ ಮುಖ. ತೊಗರಿ ಹೊಲಗಳ ನಡುವೆ ಏಕಾಏಕಿ ಗುಡ್ಡ, ಕಾಡು. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮದ ವಿಸ್ತೀರ್ಣ ಸುಮಾರು 135 ಚದರ ಕಿ.ಮೀ. ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ, ಮಳೆಗಾಲದಲ್ಲಿ ಮಾತ್ರ ತುಂಬಿ ಧುಮುಕುವ ಎತ್ತಿಪೋತ ಜಲಪಾತಗಳಿಗೆ ಕಲಬುರಗಿ, ಬೀದರ್ ಮಾತ್ರವಲ್ಲದೆ ತೆಲಂಗಾಣದ ತಾಂಡೂರು, ಜಹೀರಾಬಾದ್ ಕಡೆಯವರೂ ಬರುತ್ತಾರೆ. ವಾಡಿ ಮತ್ತು ಶಹಾಬಾದ್ ನೋಡುವ ಊರುಗಳಲ್ಲ, ದುಡಿಯುವ ಊರುಗಳು. ಒಂದು ರೈಲು ಜಂಕ್ಷನ್ ಹಾಗೂ ಸಿಮೆಂಟಿಗೆ ಹೆಸರಾದರೆ ಇನ್ನೊಂದು ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿಗೆ. ಭೀಮಾ, ಕಾಗಿಣಾ ಕೂಡುವ ಹೊನಗುಂಟಾ ಶಹಾಬಾದಿನ ಪಕ್ಕದಲ್ಲೇ ಇದೆ. ವಾಡಿ ಬಳಿಯ ಹಲಕಟ್ಟಾ ದರ್ಗಾದ ಉರುಸಿಗೆ ದೂರದೂರದ ಭಕ್ತರು ರೈಲಿನಲ್ಲಿ ಬಂದಿಳಿಯುತ್ತಾರೆ.

ಇಷ್ಟೆಲ್ಲ ಇದ್ದರೂ ಬಹುತೇಕ ಪ್ರವಾಸಿಗರು ರಾತ್ರಿ ಕಳೆಯುವುದು ಕಲಬುರಗಿ ನಗರದ ಹೋಟೆಲುಗಳಲ್ಲಿ. ಬೆಳಗ್ಗೆ ಕಾರು ಮಾಡಿಕೊಂಡು ಬಂದು, ಕೋಟೆಯ ಮುಂದೆ ಫೋಟೊ ತೆಗೆಸಿಕೊಂಡು, ದಾಬಾದಲ್ಲಿ ಉಂಡು, ಸಂಜೆಯೊಳಗೆ ಹಿಂತಿರುಗುತ್ತಾರೆ. ಮಳಖೇಡದವರ ಕೈಗೆ ಅವರಿಂದ ಸಿಗುವುದು ಒಂದು ಚಹಾದ ದುಡ್ಡು.

ಹಳೆಯ ರೂಢಿಗಳು

ಈ ಭಾಗದಲ್ಲಿ ಅತಿಥಿ ಉಳಿಯುವ ಮನೆ ಮೂರು ತರಹದ್ದು. ಮೊದಲನೆಯದು ಕ್ಷೇತ್ರಗಳ ಅರ್ಚಕರ ಮನೆ. ಇದೇ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ ಅದಕ್ಕೆ ಎದ್ದು ಕಾಣುವ ಉದಾಹರಣೆ. ದತ್ತಾತ್ರೇಯ ಕ್ಷೇತ್ರವಾದ ಅಲ್ಲಿ ಮಹಾರಾಷ್ಟ್ರ, ತೆಲಂಗಾಣಗಳ ಭಕ್ತರು ಪೂಜಾರಿಗಳ ಮನೆಗಳಲ್ಲೇ ಇಳಿದುಕೊಂಡು, ಅಲ್ಲೇ ಉಂಡು, ಸೇವೆ ಮುಗಿಸಿಕೊಂಡು ಹೋಗುತ್ತಾರೆ. ಅಜ್ಜ ಇಳಿದುಕೊಂಡ ಮನೆಯಲ್ಲೇ ಮೊಮ್ಮಗನೂ ಇಳಿದುಕೊಳ್ಳುತ್ತಾನೆ. ಗೋಕರ್ಣದ ಭಟ್ಟರ ಮನೆಗಳಲ್ಲೂ ಇದೇ ಕ್ರಮವಿತ್ತು, ಈಗಲೂ ಅಷ್ಟಿಷ್ಟು ಉಳಿದಿದೆ. ಇಂಥ ಮನೆಗಳಿಗೆ ದರಪಟ್ಟಿ ಇರುವುದಿಲ್ಲ. ದಕ್ಷಿಣೆ, ಊಟದ ಖರ್ಚು, ಕೋಣೆಯ ಬಾಡಿಗೆ ಎಲ್ಲ ಒಂದರೊಳಗೊಂದು ಬೆರೆತಿರುತ್ತದೆ.

ಎರಡನೆಯದು ಮದುವೆ, ಜಾತ್ರೆಗಳ ಮನೆ. ಬೀಗರು ಬಂದರೆಂದರೆ ಓಣಿಯ ನಾಲ್ಕೈದು ಮನೆಗಳ ಪಡಸಾಲೆಗಳು ಖಾಲಿಯಾಗುತ್ತವೆ. ಇಲ್ಲಿ ದುಡ್ಡಿನ ಮಾತು ಎತ್ತಿದರೆ ಜಗಳವೇ. ಮೂರನೆಯದು ದುಡ್ಡಿನ ಲೆಕ್ಕದ್ದು. ಸಿಮೆಂಟ್ ಕಾರ್ಖಾನೆಗಳು ಗೂಡು ಆರಿಸಿ ಒಳಗಿನ ಇಟ್ಟಿಗೆ ಬದಲಿಸುವ ಶಟ್‌ಡೌನ್ ಕಾಲದಲ್ಲಿ ಗುತ್ತಿಗೆದಾರರ ಕೆಲಸಗಾರರು, ಫಿಟ್ಟರುಗಳು, ವೆಲ್ಡರುಗಳು ಕೆಲವು ವಾರಗಳ ಮಟ್ಟಿಗೆ ಬಂದಿಳಿಯುತ್ತಾರೆ. ಕಂಪನಿಗಳ ಅತಿಥಿಗೃಹ ಇರುವುದು ಅಧಿಕಾರಿಗಳಿಗೆ. ಉಳಿದವರು ಊರೊಳಗೆ ‘ಖೋಲಿ’ ಹುಡುಕಬೇಕು. ಇಲ್ಲಿ ಕೋಣೆಗೆ ಖೋಲಿ ಎಂದೂ ಬಾಡಿಗೆಗೆ ಕಿರಾಯಿ ಎಂದೂ ಹೇಳುತ್ತಾರೆ, ಚಹಾದಂಗಡಿಯವನೇ ದಲ್ಲಾಳಿ. ಅಲ್ಪಾವಧಿ ಬಾಡಿಗೆಯ ಮಾರುಕಟ್ಟೆ ಎಂಬುದು ಈ ಪಟ್ಟಣಗಳಲ್ಲಿ ನಿಜವಾಗಿ ಇರುವುದಾದರೆ ಅದು ಇದೇ, ಮತ್ತು ಅದು ಯಾವ ಆ್ಯಪಿನಲ್ಲೂ ಕಾಣಿಸುವುದಿಲ್ಲ.

ಮಠಗಳು, ದೇವಸ್ಥಾನಗಳ ಯಾತ್ರಿನಿವಾಸ, ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರ ಅಂದರೆ ಜನರ ಬಾಯಲ್ಲಿನ ‘ಐಬಿ’, ಚಿಂಚೋಳಿ ಕಾಡಿನಲ್ಲಿ ಅರಣ್ಯ ಇಲಾಖೆಯ ಶಿಬಿರ ಇವು ಮನೆವಾಸ್ತವ್ಯದ ವ್ಯಾಖ್ಯೆಗೆ ಸೇರುವುದಿಲ್ಲ. ಆದರೂ ಪ್ರವಾಸಿಗೆ ಇವೇ ಮೊದಲ ಆಸರೆ. ಐಬಿಯಲ್ಲಿ ಒಂದು ತೊಡಕಿದೆ: ಮಂತ್ರಿಗಳೋ ಹಿರಿಯ ಅಧಿಕಾರಿಗಳೋ ಬಂದರೆ ಸಾರ್ವಜನಿಕರಿಗೆ ಕೊಟ್ಟ ಕೋಣೆ ಕೈತಪ್ಪುತ್ತದೆ.

ಪರದೆಯ ಮೇಲಿನ ಮನೆ

ಅಂತರ್ಜಾಲದಲ್ಲಿ ಮನೆ ಕಾಯ್ದಿರಿಸುವ ಪದ್ಧತಿ ಇಂದಿನ ರೂಪಕ್ಕೆ ಬಂದದ್ದು ಏರ್‌ಬಿಎನ್‌ಬಿಯಿಂದ. 2007ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿನ್ಯಾಸಕಾರರ ಸಮ್ಮೇಳನವೊಂದು ನಡೆದಾಗ ಹೋಟೆಲುಗಳು ತುಂಬಿದ್ದವು. ಮನೆ ಬಾಡಿಗೆಗೆ ಪರದಾಡುತ್ತಿದ್ದ ಬ್ರಯನ್ ಚೆಸ್ಕಿ ಮತ್ತು ಜೋ ಗೆಬ್ಬಿಯಾ ನಡುಮನೆಯಲ್ಲಿ ಗಾಳಿ ಹಾಸಿಗೆ ಹಾಸಿ ಮೂವರನ್ನು ಉಳಿಸಿಕೊಂಡರು. ಆ ಮೂವರಲ್ಲಿ ಒಬ್ಬರು ಭಾರತದಿಂದ ಓದಲು ಹೋದವರು. 2008ರಲ್ಲಿ ಕಂಪನಿ ಶುರುವಾಯಿತು. ಭಾರತದಲ್ಲಿ ಮೇಕ್‌ಮೈಟ್ರಿಪ್, ಗೋಐಬಿಬೊ, ಬುಕಿಂಗ್ ಡಾಟ್ ಕಾಮ್‌ಗಳು ಹೋಟೆಲುಗಳ ಜೊತೆಯಲ್ಲೇ ಮನೆಗಳನ್ನೂ ತೋರಿಸುತ್ತವೆ.

ಎಲ್ಲವೂ ನಡೆಯುವ ಬಗೆ ಹೆಚ್ಚು ಕಡಿಮೆ ಒಂದೇ. ಮನೆಯೊಡೆಯ ಫೋಟೊ, ದರ, ನಿಯಮ ಹಾಕುತ್ತಾನೆ. ಅತಿಥಿ ಮುಂಗಡವಾಗಿ ಹಣ ಕಟ್ಟುತ್ತಾನೆ. ವೇದಿಕೆ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಒಡೆಯನಿಗೆ ಮುಟ್ಟಿಸುತ್ತದೆ. ಕೊನೆಗೆ ಅತಿಥಿ ಬರೆದ ಅಭಿಪ್ರಾಯ ಮುಂದಿನವರ ಕಣ್ಣಿಗೆ ಬೀಳುತ್ತದೆ. ಪರಿಚಯವಿಲ್ಲದ ಇಬ್ಬರ ನಡುವೆ ನಂಬಿಕೆ ಹುಟ್ಟಿಸುವುದೇ ಈ ವ್ಯವಸ್ಥೆಯ ಬಂಡವಾಳ. ನಾಲ್ಕು ಮಂದಿ ಬಂದುಹೋಗದ ಮನೆಗೆ ಅಭಿಪ್ರಾಯಗಳಿಲ್ಲ. ಅಭಿಪ್ರಾಯಗಳಿಲ್ಲದ ಮನೆಗೆ ಯಾರೂ ಬರುವುದಿಲ್ಲ. ಸೇಡಂ, ಚಿತ್ತಾಪುರದಂಥ ಊರುಗಳು ಸಿಕ್ಕಿಕೊಂಡಿರುವುದು ಈ ಸುಳಿಯಲ್ಲಿ. ಪರದೆಯ ಮೇಲೆ ‘ಸೇಡಂ’ ಎಂದು ಹುಡುಕಿದವರಿಗೆ ಕಲಬುರಗಿಯ ಅಥವಾ ಗಡಿಯಾಚೆಯ ಊರಿನ ಮನೆ ‘ಸಮೀಪದ್ದು’ ಎಂದು ಬಂದರೆ ಆಶ್ಚರ್ಯವಿಲ್ಲ. ಹಣ ಕಟ್ಟುವ ಮುಂಚೆ ನಕ್ಷೆಯಲ್ಲಿ ದೂರ ನೋಡಿಕೊಳ್ಳುವುದು ಒಳ್ಳೆಯದು. ಶಹಾಬಾದ್ ಎಂಬ ಹೆಸರಿನ ಊರುಗಳು ಉತ್ತರ ಭಾರತದಲ್ಲೂ ಇವೆ ಎಂಬುದು ಇನ್ನೊಂದು ಎಚ್ಚರಿಕೆ.

ಜಗತ್ತಿನ ದೊಡ್ಡ ನಗರಗಳ ತಕರಾರು ಇದಕ್ಕೆ ತದ್ವಿರುದ್ಧ. ಪ್ರವಾಸಿಗರಿಗೆ ಕೊಡುವ ಆಸೆಯಿಂದ ಊರಿನವರಿಗೇ ಬಾಡಿಗೆ ಮನೆ ಸಿಗದಂತಾಯಿತು ಎಂದು ನ್ಯೂಯಾರ್ಕ್ 2023ರ ಸೆಪ್ಟೆಂಬರಿನಿಂದ ಕಟ್ಟುನಿಟ್ಟಿನ ನೋಂದಣಿ ಜಾರಿಗೆ ತಂದಿತು. ಜಪಾನ್ 2018ರಲ್ಲಿ ಜಾರಿಗೆ ಬಂದ ಕಾಯ್ದೆಯಲ್ಲಿ ವರ್ಷಕ್ಕೆ 180 ದಿನಗಳ ಮಿತಿ ಹಾಕಿತು. ಬಾರ್ಸಿಲೋನಾ 2028ರೊಳಗೆ ಪ್ರವಾಸಿ ಅಪಾರ್ಟ್‌ಮೆಂಟುಗಳ ಪರವಾನಗಿಯನ್ನೇ ಕೊನೆಗೊಳಿಸುವುದಾಗಿ ಹೇಳಿದೆ. ವಾಡಿಯ ಓಣಿಗಳಿಗೆ ಈ ಭಯ ಬರಲು ಇನ್ನೂ ಬಹಳ ಕಾಲ ಬೇಕು.

ಕಾನೂನು

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ‘ಇನ್‌ಕ್ರೆಡಿಬಲ್ ಇಂಡಿಯಾ’ ಮನೆವಾಸ್ತವ್ಯ ಯೋಜನೆಯಲ್ಲಿ ಮನೆಗಳಿಗೆ ಚಿನ್ನ, ಬೆಳ್ಳಿ ಎಂಬ ಎರಡು ದರ್ಜೆ ಇವೆ. ಒಡೆಯ ಕುಟುಂಬಸಮೇತ ಅದೇ ಮನೆಯಲ್ಲಿ ವಾಸವಿರಬೇಕು. ಬಾಡಿಗೆಗೆ ಕೊಡುವ ಕೋಣೆಗಳು ಆರನ್ನು ಮೀರಬಾರದು. ರಾಜ್ಯದಲ್ಲಿ ‘ಅತಿಥಿ’ ಎಂಬ ಹೆಸರಿನ ಯೋಜನೆಯಡಿ ಪ್ರವಾಸೋದ್ಯಮ ಇಲಾಖೆ ನೋಂದಣಿ ಮಾಡಿಕೊಳ್ಳುತ್ತ ಬಂದಿದೆ. 2025–26ರ ಕೇಂದ್ರ ಬಜೆಟ್ ಹೋಂಸ್ಟೇಗಳಿಗೆ ಮುದ್ರಾ ಸಾಲ ಕೊಡುವುದಾಗಿ ಘೋಷಿಸಿತು. ಸನ್ನತಿಯಂಥ ಹಳ್ಳಿಯಲ್ಲಿ ಹಿಂದಿನ ಖೋಲಿಗೊಂದು ಬಚ್ಚಲು, ಶೌಚಾಲಯ ಕಟ್ಟಿಸಿಕೊಳ್ಳಬೇಕೆನ್ನುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುವ ಮಾತು.

ತೆರಿಗೆಯ ಲೆಕ್ಕ ಹೀಗೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ. 5ರಷ್ಟು ಜಿಎಸ್‌ಟಿ. ವಾರ್ಷಿಕ ವಹಿವಾಟು 20 ಲಕ್ಷ ದಾಟದ ಮನೆಯವರು ತಾವಾಗಿ ನೋಂದಾಯಿಸಿಕೊಳ್ಳಬೇಕಿಲ್ಲ. ಆದರೆ ವೇದಿಕೆಯ ಮೂಲಕ ಕೊಟ್ಟರೆ ಆ ತೆರಿಗೆಯನ್ನು ವೇದಿಕೆಯೇ ವಸೂಲು ಮಾಡಿ ಕಟ್ಟುತ್ತದೆ. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಅವರ ವಿವರವನ್ನು ಅಧಿಕಾರಿಗಳಿಗೆ ಸಲ್ಲಿಸಬೇಕು. ಕನಗನಹಳ್ಳಿಯ ಸ್ತೂಪ ನೋಡಲು ಜಪಾನಿನಿಂದಲೋ ಶ್ರೀಲಂಕಾದಿಂದಲೋ ಬರುವ ಬೌದ್ಧ ಯಾತ್ರಿಕರನ್ನು ಉಳಿಸಿಕೊಳ್ಳುವವರು ಇದನ್ನು ಮರೆಯುವಂತಿಲ್ಲ.

ಸುರಕ್ಷತೆಯ ಪ್ರಶ್ನೆ ದೂರದ್ದಲ್ಲ. 2025ರ ಮಾರ್ಚಿನಲ್ಲಿ ಕೊಪ್ಪಳ ಜಿಲ್ಲೆಯ ಸಣಾಪುರದ ಬಳಿ ಹೋಂಸ್ಟೇ ನಡೆಸುತ್ತಿದ್ದ ಮಹಿಳೆ ಮತ್ತು ಆಕೆಯ ಅತಿಥಿಗಳ ಮೇಲೆ ನಡೆದ ದೌರ್ಜನ್ಯದ ನಂತರ ಇಡೀ ಕಲ್ಯಾಣ ಕರ್ನಾಟಕದಲ್ಲಿ ನೋಂದಣಿಯಿಲ್ಲದ ವಾಸ್ತವ್ಯಗಳ ಚರ್ಚೆ ಎದ್ದಿತು. ನೋಂದಣಿಯಿಂದ ಅಪರಾಧ ನಿಲ್ಲುವುದಿಲ್ಲ, ನಿಜ. ಆದರೆ ಯಾರು ಎಲ್ಲಿ ಉಳಿದಿದ್ದಾರೆ ಎಂಬುದು ಠಾಣೆಗೆ ತಿಳಿದಿರುವುದು ಅತಿಥಿಗೂ ಒಡೆಯನಿಗೂ ರಕ್ಷಣೆಯೇ. ಕೋಣೆಯೊಳಗೆ ಕ್ಯಾಮೆರಾ ಇಡುವಂತಿಲ್ಲ. ಏರ್‌ಬಿಎನ್‌ಬಿ 2024ರ ಏಪ್ರಿಲ್ ಅಂತ್ಯದಿಂದ ಮನೆಯೊಳಗಿನ ಎಲ್ಲ ಕ್ಯಾಮೆರಾಗಳನ್ನೂ ನಿಷೇಧಿಸಿದೆ.

ಫೋನಿನಲ್ಲಿ ಕಾಯ್ದಿರಿಸುವುದು

ಆ್ಯಪು ಕೈಕೊಟ್ಟಲ್ಲಿ ಫೋನು ಕೆಲಸ ಮಾಡುತ್ತದೆ. ಈ ಭಾಗದಲ್ಲಿ ಒಂದು ಮನೆ ಗೊತ್ತಾಗುವುದು ಶಾಲಾ ಮೇಷ್ಟ್ರು, ದೇವಸ್ಥಾನದ ಸಮಿತಿಯವರು, ಬಾಡಿಗೆ ಕಾರಿನ ಚಾಲಕ ಅಥವಾ ನಿಮ್ಮದೇ ಕಚೇರಿಯಲ್ಲಿರುವ ಕಲಬುರಗಿಯ ಸಹೋದ್ಯೋಗಿಯಿಂದ. ನಂಬರು ಸಿಕ್ಕಿ ಮಾತಾಡಿದರೆ ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ದರದ್ದಲ್ಲ. “ಯಾ ಊರಿಂದ ಬರಲತ್ತೀರಿ? ಎಷ್ಟ್ ಮಂದಿ ಇದ್ದೀರಿ, ಹೆಣ್ಮಕ್ಕಳು ಅದಾರೇನ್ರಿ?” ಅದರ ಬೆನ್ನಿಗೇ, “ಊಟಾ ಮನ್ಯಾಗೇ ಮಾಡ್ತೀರಿಲ್ರಿ? ರೊಟ್ಟಿ ಬಡೀಬೇಕಾಗ್ತದ, ಮೊದ್ಲ ಹೇಳ್ಬೇಕು.” ದುಡ್ಡೆಷ್ಟು ಅಕ್ಕಾರೆ ಎಂದು ಕೇಳಿದರೆ “ಬರ್ರಿ ಮೊದ್ಲ, ನೋಡೂನು” ಎಂಬ ಉತ್ತರ. ಈ ಉತ್ತರಕ್ಕೆ ಮರುಳಾಗಬಾರದು. ಹೊರಡುವಾಗ ಇಬ್ಬರಿಗೂ ಮುಜುಗರವಾಗುವ ಬದಲು ಮೊದಲೇ ಒಂದು ಅಂಕಿ ಆಡಿಸಿಕೊಂಡು, ಸ್ವಲ್ಪ ಮುಂಗಡವನ್ನು ಫೋನ್‌ಪೇ ಮಾಡಿ, ದಿನಾಂಕ, ಮಂದಿ, ಊಟದ ವಿವರಗಳನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿದರೆ ಅದೇ ರಸೀದಿ. ಪರಿಚಿತರ ಮೂಲಕವಲ್ಲದೆ ಸಿಕ್ಕ ನಂಬರಿಗೆ ಪೂರ್ತಿ ಹಣವನ್ನು ಮುಂಚೆಯೇ ಹಾಕುವುದು ಮಾತ್ರ ಬೇಡ.

ಪ್ರಶ್ನೆಗಳಲ್ಲಿ ಇನ್ನೊಂದು ಕೆಲವೊಮ್ಮೆ ಸುತ್ತಿಬಳಸಿ ಬರುತ್ತದೆ: “ಯಾರ ಪೈಕಿ ಆದ್ರಿ?” ಜಾತಿ ತಿಳಿದುಕೊಳ್ಳುವ ಈ ಬಗೆಯನ್ನು ಹಳ್ಳಿಯ ಮುಗ್ಧತೆ ಎಂದು ಹೊದಿಸಿ ಮುಚ್ಚುವುದು ಸರಿಯಲ್ಲ. ಅಂಬೇಡ್ಕರರು ಬರೋಡಾದಲ್ಲಿ ಪಾರ್ಸಿ ವಸತಿಗೃಹವೊಂದರಿಂದ ಹೊರಬೀಳಬೇಕಾಗಿ ಬಂದುದನ್ನು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ದಾಖಲಿಸಿದ್ದಾರೆ. ಬಾಡಿಗೆಗೆಂದು ಬಾಗಿಲು ತೆರೆದ ಮನೆ ಬಂದವರ ಜಾತಿ, ಧರ್ಮ ಕೇಳಿ ಬಾಗಿಲು ಹಾಕಿಕೊಳ್ಳುವುದು ಸಂವಿಧಾನದ 15ನೆಯ ವಿಧಿಯ ಆಶಯಕ್ಕೆ ಎದುರಾದದ್ದು. ಮನೆ ತನ್ನದು, ನಿಯಮ ತನ್ನದು ಎಂಬ ವಾದ ಊಟದಲ್ಲಿ ಮಾಂಸ ಬೇಡ, ಮದ್ಯ ಬೇಡ ಎನ್ನುವವರೆಗೆ ಮಾತ್ರ ನಡೆಯುತ್ತದೆ. ಅದನ್ನೂ ಮೊದಲೇ ಹೇಳಿದರೆ ಯಾರಿಗೂ ನೋವಿಲ್ಲ.

ಮನೆ, ಊಟ, ಹವೆ

ಈ ಸೀಮೆಯ ಹಳೆಯ ಮನೆ ಕಲ್ಲಿನದು. ದಪ್ಪ ಗೋಡೆ, ಸಣ್ಣ ಕಿಟಕಿ, ನೆಲಕ್ಕೂ ಕೆಲವೆಡೆ ಮೇಲ್ಛಾವಣಿಗೂ ಫರ್ಸಿ, ಅಂದರೆ ಕಲ್ಲಿನ ಚಪ್ಪಡಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗಲೂ ಪಡಸಾಲೆಯ ಫರ್ಸಿಯ ಮೇಲೆ ಬರಿಗಾಲಿಟ್ಟರೆ ತಂಪು. ಸಂಜೆಗೆ ಮಾಳಿಗೆಗೆ ನಾಲ್ಕು ಕೊಡ ನೀರು ಸುರಿಯುತ್ತಾರೆ. ಕಾದ ಕಲ್ಲು ಬುಸ್ಸೆಂದು ಆವಿ ಬಿಡುತ್ತದೆ. ಅದು ಆರಿದ ಮೇಲೆ ಹೊರಸು ಹಾಕಿ ಮಲಗುವ ವ್ಯವಸ್ಥೆ. ಎ.ಸಿ. ಇಲ್ಲದ ಸಿಮೆಂಟಿನ ಹೊಸ ಆರ್‌ಸಿಸಿ ಕೋಣೆಗಿಂತ ಬೇಸಿಗೆಯಲ್ಲಿ ಇಂಥ ಮನೆಯೇ ವಾಸಿ. ಟನ್ನುಗಟ್ಟಲೆ ಸಿಮೆಂಟ್ ಮಾರುವ ಊರುಗಳ ಬಗ್ಗೆ ಹೀಗೆ ಹೇಳಬೇಕಾಗಿ ಬಂದಿರುವುದು ಸೋಜಿಗವೇ ಸರಿ. ಕೇಳಿ ತಿಳಿದುಕೊಳ್ಳಬೇಕಾದದ್ದು ಶೌಚಾಲಯ ಮನೆಯೊಳಗಿದೆಯೋ ಹಿತ್ತಲಲ್ಲಿದೆಯೋ, ಕಮೋಡ್ ಇದೆಯೋ ಎಂಬುದು. ವಯಸ್ಸಾದವರನ್ನು ಕರೆತರುವವರಿಗೆ ಇದೊಂದೇ ಪ್ರಶ್ನೆ ಎಲ್ಲವನ್ನೂ ತೀರ್ಮಾನಿಸುತ್ತದೆ. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಸುತ್ತಮುತ್ತ 2021ರ ಅಕ್ಟೋಬರಿನಲ್ಲಿ ಭೂಮಿ ಕಂಪಿಸಿದಾಗ ಜನ ಮನೆ ಬಿಟ್ಟು ಹೊರಗೆ ಮಲಗಿದ್ದರು. ಬಿರುಕು ಬಿಟ್ಟ ಹಳೆಯ ಕಲ್ಲುಮನೆಯನ್ನು ದುರಸ್ತಿ ಮಾಡಿಸದೆ ಅತಿಥಿಗೆ ಕೊಡಬಾರದು.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜೋಳದ ಬಿಸಿ ರೊಟ್ಟಿ, ಪುಂಡಿಪಲ್ಯ, ಝುಣಕ, ಶೇಂಗಾ ಹಿಂಡಿ, 2019ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಕಲಬುರಗಿ ತೊಗರಿಬೇಳೆಯ ಸಾರು. ಹೋಟೆಲಿನಲ್ಲಿ ಇವೆಲ್ಲ ಸಿಗುತ್ತವೆ, ಆದರೆ ಬಡಿದ ರೊಟ್ಟಿ ಹಂಚಿನಿಂದ ನೇರವಾಗಿ ತಾಟಿಗೆ ಬೀಳುವುದು ಮನೆಯಲ್ಲೇ.

ಹೋಗಿಬರುವ ದಾರಿ: ಶಹಾಬಾದ್ ಮತ್ತು ವಾಡಿ ಮುಂಬಯಿ–ಚೆನ್ನೈ ಮುಖ್ಯ ಮಾರ್ಗದಲ್ಲಿವೆ. ಚಿತ್ತಾಪುರ, ಸೇಡಂಗಳು 1874ರಲ್ಲಿ ನಿಜಾಮರ ಕಾಲದಲ್ಲಿ ತೆರೆದ ವಾಡಿ–ಸಿಕಂದರಾಬಾದ್ ಮಾರ್ಗದಲ್ಲಿವೆ. ಸನ್ನತಿಗೆ ವಾಡಿಯಿಂದ ಮುಂದಿನ ನಾಲವಾರದಲ್ಲಿ ಇಳಿದು ರಸ್ತೆ ಹಿಡಿಯಬೇಕು. ಚಿಂಚೋಳಿಗೆ ರೈಲಿಲ್ಲ, ಬಸ್ಸೇ ಗತಿ, ಕಾಡಿನ ಕಡೆಗೆ ಸ್ವಂತ ವಾಹನ. ರೈಲು ಮಾರ್ಗ ನೋಡಿದರೆ ಮಳಖೇಡ, ನಾಗಾವಿ, ಸನ್ನತಿ ಮೂರಕ್ಕೂ ಉಳಿಯಲು ಚಿತ್ತಾಪುರವೇ ನಡುಮಧ್ಯದ ಊರು. ನೋಂದಾಯಿತ ಮನೆವಾಸ್ತವ್ಯಗಳನ್ನು ಬೆಳೆಸಬೇಕೆಂದು ಪ್ರವಾಸೋದ್ಯಮ ಇಲಾಖೆ ಮನಸ್ಸು ಮಾಡಿದರೆ ಮೊದಲು ಕೈಹಾಕಬೇಕಾದ್ದು ಅಲ್ಲೇ.

ಬರುವವರು ಅಕ್ಟೋಬರಿನಿಂದ ಫೆಬ್ರುವರಿಯೊಳಗೆ ಬರುವುದು ಉತ್ತಮ. ಎತ್ತಿಪೋತಕ್ಕೆಂದು ಮಳೆಗಾಲದಲ್ಲೇ ಹೊರಡುವವರು ಕಾಗಿಣಾ ತುಂಬಿದಾಗ ಮಳಖೇಡದ ಸೇತುವೆಯೂ ಚಿತ್ತಾಪುರ ರಸ್ತೆಯ ದಂಡೋತಿ ಸೇತುವೆಯೂ ಮುಳುಗುತ್ತವೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು, ದಾರಿ ಬಂದಾದರೆ ಮುಂಗಡ ವಾಪಸು ಬರುತ್ತದೆಯೇ ಎಂದು ಕೇಳಿಕೊಂಡೇ ಮನೆ ಗೊತ್ತು ಮಾಡಬೇಕು.